ಕಪ್ಪೆಚಿಪ್ಪುಗಳಿಗೆ ಚಹಾ

ನಾನು ಪಡಸಾಲೆಗೆ ಬಂದಾಗ, ಮಲಪ್ರಭೆಯಲ್ಲಿ ಮೀನು ಹಿಡಿಯುವ ಹುಸೇನಕಾಕಾ ನನ್ನ ಪ್ರಯೋಗದ ಮಡಕೆಗೆ ಚಹಾ ಸುರಿಯುತ್ತಿದ್ದರು.

“ಏನ ಮಾಡಾಕ ಹತ್ತೀರಿ ಕಾಕಾ?” ಎಂದೆ.

ಎಪ್ಪತ್ತರ ದಶಕದ ಕೊನೆಯ ದೀಪಾವಳಿ ರಜೆಯೊಂದರಲ್ಲಿ ನಡೆದದ್ದಿದು. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ ನಾನು ರಾಮದುರ್ಗದ ಮನೆಯಲ್ಲಿ ಮೂರು ಮಡಕೆಗಳಲ್ಲಿ ಜೀವಂತ ಕಪ್ಪೆಚಿಪ್ಪುಗಳನ್ನಿಟ್ಟಿದ್ದೆ. ಒಂದರಲ್ಲಿ ಬರೀ ಹೊಳೆಯ ನೀರು, ಇನ್ನೊಂದರಲ್ಲಿ ಮೈಲುತುತ್ತದ ನೀರು, ಮೂರನೆಯದರಲ್ಲಿ ಮೈಲುತುತ್ತದ ಜೊತೆಗೆ ಕೆಫೀನ್ ಪುಡಿ. ಮೈಲುತುತ್ತದಲ್ಲಿರುವ ತಾಮ್ರದ ವಿಷವನ್ನು ಕೆಫೀನ್ ತಡೆಯುತ್ತದೆಯೇ ಎಂದು ನೋಡುವುದಿತ್ತು. ಕಪ್ಪೆಚಿಪ್ಪು ತಂದುಕೊಟ್ಟವರು ಈ ಕಾಕಾನೇ.

“ನಡುವಿನ ಗಡಿಗಿಯಾಗ ನಾಕು ಸತ್ತು ಬಾಯಿ ತೆರದಾವ, ತಂಗಿ. ಆ ಕಡೀವು ಆರಾಮ ಅದಾವ. ಅವಕ್ಕ ಚಾದಾಗಿನ ಔಷಧ ಹಾಕೀನಿ ಅಂತ ನಿನ್ನಿ ನೀನ ಹೇಳಿದ್ದಿ. ಇವೇನ ಪಾಪ ಮಾಡ್ಯಾವ? ಒಂದೀಟು ಚಾ ಹಾಕೀನಿ. ಹಾಲು, ಸಕ್ಕರಿ ಇಲ್ಲ.”

ಆರು ದಿನದ ಕೆಲಸ ನೀರುಪಾಲಾಗಿತ್ತು. ಬೈಯಲು ಹೊರಟವಳಿಗೆ ನಗು ಬಂತು. ಎಲ್ಲವನ್ನೂ ಮೊದಲಿನಿಂದ ಮಾಡಬೇಕು ಎಂದಾಗ ಕಾಕಾನ ಮುಖ ಸಣ್ಣದಾಯಿತು. ಮರುದಿನ ಬೆಳಿಗ್ಗೆ ಬುಟ್ಟಿ ತುಂಬ ಹೊಸ ಕಪ್ಪೆಚಿಪ್ಪು ತಂದು, ಮೂರೂ ಮಡಕೆಗಳನ್ನು ತಾವೇ ತಿಕ್ಕಿ ತೊಳೆದುಕೊಟ್ಟರು. ಎರಡನೆಯ ಸಲವೂ, ತಾಮ್ರ ಬೆರೆತ ಎರಡು ಮಡಕೆಗಳಲ್ಲಿ ಕೆಫೀನ್ ಇದ್ದದ್ದರಲ್ಲೇ ಹೆಚ್ಚು ಬದುಕಿದವು.

‘ಇವೇನ ಪಾಪ ಮಾಡ್ಯಾವ?’ ಎಂದು ಕಾಕಾ ಕೇಳುವವರೆಗೆ ಸತ್ತವು ನನಗೆ ವಹಿಯಲ್ಲಿ ಬರೆದುಕೊಳ್ಳುವ ಅಂಕಿಗಳಾಗಿದ್ದವು. ಪ್ರಯೋಗ ಮುಗಿದ ದಿನ, ಬರೀ ಹೊಳೆಯ ನೀರಿನಲ್ಲಿ ಇಟ್ಟಿದ್ದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಒಂದೊಂದಾಗಿ ಮಲಪ್ರಭೆಗೆ ಬಿಟ್ಟುಬಂದೆ.