ರೈಟರು ನಿಂತ ನಲವತ್ತೊಂದನೇ ಮನೆ

ಬೋನಿಫಾಸ್ ರೈಟರ ಎಡಗೈ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಕಡಿಮೆ. ಬೆಳಗೋಡಿನ ಬಸ್ಸಿನಲ್ಲಿ ಯಾವುದಾದರೂ ಹಾಡು ಹಾಕಿದರೆ ಸಾಕು, ಅವರ ನಾಲ್ಕು ಬೆರಳು ಬಲಗೈಯ ಮುಂಗೈ ಮೇಲೆ ಓಡಾಡತೊಡಗುತ್ತಿದ್ದವು. ಚರ್ಚಿನಲ್ಲಿ ಗಾಯನವೃಂದ ಹಾಡುವಾಗಲೂ ಅಷ್ಟೇ. ಚಿಕ್ಕವಳಿದ್ದಾಗ ಒಮ್ಮೆ, ಏನು ಮಾಡ್ತಿದ್ದೀರಿ ಸರ್ ಅಂತ ಕೇಳಿದ್ದೆ.

“ಕೈಗೆ ಸಿಗ್ತದೋ ಇಲ್ವೋ ನೋಡ್ತಾ ಇದೀನಿ ಕಣಮ್ಮ. ಕಿವಿಗೆ ಎಲ್ಲಾ ಸಿಗ್ತದೆ. ಕೈಗೆ ಸಿಗ್ಬೇಕಲ್ಲ!” ಅಂದಿದ್ದರು.

ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಕೆಲಸ ಅವರದು. ಅವರ ತಂದೆ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದವರು. ಬರುವಾಗ ಒಂದು ವಯೋಲಾ ತಂದಿದ್ದರಂತೆ. ವಯೋಲಾ ಅಂದರೆ ಪಿಟೀಲಿನಂಥದೇ, ಸ್ವಲ್ಪ ದೊಡ್ಡದು, ದನಿ ಗಡುಸು. ನನಗೆ ಹತ್ತು ವರ್ಷವಾದಾಗ ಅಪ್ಪ, ಕಾಫಿ ಕೊಯ್ಲು ಮುಗಿದ ಮೇಲೆ, ನನ್ನನ್ನು ಅವರ ಮನೆಗೆ ಕರೆದುಕೊಂಡು ಹೋಗಿ ಬಿಟ್ಟರು. ಪಿಟೀಲು ಹಿಡಿಯುವುದನ್ನೂ ಐದು ಗೆರೆಯ ಮೇಲೆ ಬರೆದ ಸಂಗೀತವನ್ನು ಓದುವುದನ್ನೂ ಅವರೇ ಕಲಿಸಿದರು. ಆ ಗೆರೆಗಳನ್ನು ಅಡ್ಡಕ್ಕೆ ಕತ್ತರಿಸಿ ಮಾಡಿದ ಒಂದೊಂದು ಭಾಗಕ್ಕೂ ಇಂಗ್ಲಿಷಿನಲ್ಲಿ ಬಾರ್ ಎನ್ನುತ್ತಾರೆ, ಅವರು ‘ಮನೆ’ ಎನ್ನುತ್ತಿದ್ದರು. ತಪ್ಪಿದರೆ ಬೈಯುತ್ತಿರಲಿಲ್ಲ. “ನಾನು ಎಂಟ್ನೇ ಮನೇಲಿದೀನಿ, ನೀ ಯಾರ್ ಮನೆಗೆ ಹೋಗ್ಬುಟ್ಟೆ ಮಾರಾಯ್ತಿ?” ಎಂದು ಕೇಳಿ ನಗುತ್ತಿದ್ದರು. ಅವರ ಹೆಂಡತಿ ಸೆವೆರಿನಾ ಆಂಟಿ ಅಡುಗೆಮನೆಯಿಂದಲೇ ನಗುತ್ತಿದ್ದರು.

ಮುಂದೆ ನಾನು ಸಕಲೇಶಪುರದಲ್ಲಿ ಹೈಸ್ಕೂಲ್ ಟೀಚರಾದೆ. ಮೂರು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ, ಸಂಗೀತ ಬರೆಯುವ ಸಾಫ್ಟ್‌ವೇರ್ ಒಂದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು, ವಿಡಿಯೋ ಪಾಠ ನೋಡಿ ಕಲಿಯತೊಡಗಿದೆ. ಪರದೆಯ ಮೇಲಿನ ಗೆರೆಗಳಲ್ಲಿ ಸ್ವರ ಕೂರಿಸಿ ಗುಂಡಿ ಒತ್ತಿದರೆ ಎರಡು ಪಿಟೀಲು, ವಯೋಲಾ, ಚೆಲೋ ಎಂಬ ದೊಡ್ಡ ಪಿಟೀಲು, ನಾಲ್ಕೂ ಒಟ್ಟಿಗೆ ನುಡಿಯುತ್ತವೆ. ಮೊದಲ ಸಲ ಹಾಗೆ ಕೇಳಿದಾಗ ನನಗೆ ಕಣ್ಣಲ್ಲಿ ನೀರು ಬಂದಿತ್ತು. ಲ್ಯಾಪ್‌ಟಾಪ್ ಎತ್ತಿಕೊಂಡು ಸೀದಾ ರೈಟರ ಮನೆಗೆ ಹೋದೆ.

ಅವರು ಕನ್ನಡಕ ಏರಿಸಿಕೊಂಡು, ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಬಹಳ ಖುಷಿಪಟ್ಟರು. ವಾರಕ್ಕೆರಡು ಸಲ ಹೋಗುತ್ತಿದ್ದೆ. ನಾನು ಬರೆದು ತಂದದ್ದನ್ನು ಅವರು ವಯೋಲಾದಲ್ಲಿ ನುಡಿಸಿ ನೋಡುತ್ತಿದ್ದರು. ಒಂದು ದಿನ ಎರಡು ಪುಟದ ಉದ್ದಕ್ಕೂ ಎಲ್ಲೂ ಬಿಡುವೇ ಇಲ್ಲದಂತೆ ಬರೆದಿದ್ದೆ. ಮೊದಲ ಪುಟದ ಕೊನೆಗೆ ಬಂದವರು ಕಮಾನು ಎತ್ತಿ ನನ್ನನ್ನೇ ನೋಡಿದರು.

“ಪುಟ ತಿರುಗ್ಸಕ್ಕೆ ಮೂರ್ನೇ ಕೈ ಎಲ್ಲೈತಮ್ಮ ನಂಗೆ?”

ನಾವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆದರೆ ಬರಬರುತ್ತ ನಾನು ಹೋಗುವುದು ಕಡಿಮೆಯಾಯಿತು. ವಾದ್ಯಕ್ಕೆ ಎಟುಕದ ಸ್ವರ ಬರೆದರೆ ಸಾಫ್ಟ್‌ವೇರೇ ಅದನ್ನು ಕೆಂಪಗೆ ತೋರಿಸುತ್ತಿತ್ತು. ಇನ್ನು ಕೇಳುವುದಕ್ಕೇನಿದೆ ಅನ್ನಿಸಿತು.

ಚರ್ಚಿನ ಹೊಸ ಸಭಾಭವನದ ಉದ್ಘಾಟನೆಗೆ ನನ್ನದೊಂದು ರಚನೆ ಇರಲಿ ಎಂದು ಫಾದರ್ ಕೇಳಿದರು. ನಾನು ಬರೆದ ಮೊದಲ ದೊಡ್ಡ ರಚನೆ ಅದು. ಹಾಸನದಿಂದ ಇಬ್ಬರು ಪಿಟೀಲಿನವರು, ಮಂಗಳೂರಿನಿಂದ ಚೆಲೋ ನುಡಿಸುವವರೊಬ್ಬರು ಬಂದರು. ವಯೋಲಾಕ್ಕೆ ರೈಟರು. ಅವರಿಗೆ ಆಗ ಎಪ್ಪತ್ತಮೂರು. ಕಾರ್ಯಕ್ರಮಕ್ಕೆ ಇನ್ನು ಮೂರೇ ದಿನ.

ಅಭ್ಯಾಸ ನಡೆಯುತ್ತಿದ್ದಾಗ ನಲವತ್ತೊಂದನೇ ಮನೆಯಲ್ಲಿ ಅವರು ನಿಂತರು. ಮತ್ತೆ ಮೊದಲಿಂದ ಶುರು ಮಾಡಿದೆವು. ಮತ್ತೆ ಅಲ್ಲೇ ನಿಂತರು. ಮೂರನೇ ಸಲ ನಿಂತಾಗ ಕಮಾನು ಕೆಳಗಿಟ್ಟು, ಬೆರಳುಗಳನ್ನು ತಂತಿಯ ಮೇಲೆ ಅತ್ತಿತ್ತ ಇಟ್ಟು ನೋಡಿದರು.

“ಇದು ಕೈಗೆ ಸಿಗ್ತಿಲ್ಲ ಕಣಮ್ಮ. ಇಲ್ಲಿ ಎರಡು ಸ್ವರ...”

ಅವರ ಮಾತು ಮುಗಿಯಲು ನಾನು ಬಿಡಲಿಲ್ಲ. ಊರ ಹೊರಗಿನಿಂದ ಬಂದವರ ಮುಂದೆ ನನ್ನ ರಚನೆ ಕುಂಟುತ್ತಿದೆ ಅನ್ನುವುದೊಂದೇ ತಲೆಯಲ್ಲಿತ್ತು. ಲ್ಯಾಪ್‌ಟಾಪ್ ತಿರುಗಿಸಿ, ಆ ಮನೆಯನ್ನು ಜೋರಾಗಿ ನುಡಿಸಿ ಕೇಳಿಸಿದೆ.

“ಕಂಪ್ಯೂಟರ್ ನುಡಿಸ್ತಾ ಇದೆಯಲ್ಲ ಸರ್. ಬರೆದದ್ದರಲ್ಲಿ ಏನೂ ತಪ್ಪಿಲ್ಲ. ನಿಮ್ಮ ಕೈ ನಡುಗ್ತಿದೆ, ಅದಕ್ಕೇ ಆಗ್ತಿಲ್ಲ.”

ಹಾಸನದವರಿಬ್ಬರೂ ನೆಲ ನೋಡಿದರು. ರೈಟರು ತಮ್ಮ ಎಡಗೈಯನ್ನು ಎತ್ತಿ, ಯಾರದೋ ಕೈ ನೋಡುವಂತೆ ನೋಡಿಕೊಂಡರು. “ಇರ್ಬೌದು ಕಣಮ್ಮ,” ಅಂದರು. ವಯೋಲಾವನ್ನು ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಯಲ್ಲಿಟ್ಟು, ಎಲ್ಲರಿಗೂ ಕೈ ಮುಗಿದು ಹೊರಟರು. ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ ಹಗುರವೆನಿಸಿತು.

ಉದ್ಘಾಟನೆಯ ದಿನ ವಯೋಲಾದ ಭಾಗವನ್ನು ಲ್ಯಾಪ್‌ಟಾಪಿನಿಂದ ಸ್ಪೀಕರಿಗೆ ಕೊಟ್ಟೆ. ರೈಟರು ಕೋಟು ಹಾಕಿಕೊಂಡು ಬಂದು ಮೂರನೇ ಸಾಲಿನಲ್ಲಿ ಕೂತಿದ್ದರು. “ಏನ್ ರೈಟ್ರೇ, ನೀವು ನುಡಿಸೋದಿಲ್ವಾ?” ಎಂದು ಫಾದರ್ ಕೇಳಿದ್ದು ನನಗೂ ಕೇಳಿಸಿತು. “ನಮ್ಮ ಹುಡುಗಿ ಬರ್ದಿದ್ದನ್ನ ಕೂತ್ಕಂಡು ಕೇಳಣ ಅನ್ನಿಸ್ತು ಫಾದರ್,” ಎಂದರು. ಕೊನೆಗೆ ಮೈಕ್ ಹಿಡಿದು ಎಲ್ಲರಿಗೂ ವಂದನೆ ಹೇಳಿದೆ, ಸ್ಪೀಕರ್ ತಂದವನಿಗೂ. ಅವರ ಹೆಸರು ಹೇಳಲಿಲ್ಲ.

ಐದು ತಿಂಗಳ ನಂತರ ಆ ರಚನೆಯನ್ನು ಮೈಸೂರಿನ ಒಂದು ತಂಡಕ್ಕೆ ಕಳಿಸಿದೆ. ಅವರ ವಯೋಲಾ ವಾದಕಿ ಫೋನ್ ಮಾಡಿದರು.

“ಮೇಡಂ, ನಲವತ್ತೊಂದನೇ ಬಾರ್‌ನಲ್ಲಿ ಒಟ್ಟಿಗೆ ಎರಡು ಸ್ವರ ಬರೆದಿದ್ದೀರಿ. ಎರಡೂ ಕೆಳಗಿನ ತಂತಿಯಲ್ಲೇ ಇರೋದು, ಬೇರೆ ತಂತಿಯಲ್ಲಿ ಸಿಗೋದಿಲ್ಲ. ಒಂದೇ ತಂತಿ ಒಟ್ಟಿಗೆ ಎರಡು ಸ್ವರ ಹೇಗೆ ನುಡಿಯುತ್ತೆ? ಇದನ್ನ ಯಾರೂ ನುಡಿಸೋಕಾಗಲ್ಲ. ಕಳಿಸೋ ಮುಂಚೆ ಯಾರಾದ್ರೂ ವಯೋಲಾದವರಿಗೆ ತೋರಿಸಬೇಕಿತ್ತು.”

ಒಂದೊಂದು ಸ್ವರವೂ ವಾದ್ಯಕ್ಕೆ ಎಟುಕುವಂಥದ್ದೇ. ಅದಕ್ಕೇ ಪರದೆಯಲ್ಲಿ ಕೆಂಪು ಬಂದಿರಲಿಲ್ಲ. ತಪ್ಪನ್ನು ತಿದ್ದಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ರೈಟರ ಮನೆಗೆ ಹೋಗಲು ಮಾತ್ರ ಮೂರು ವಾರ ಹಿಡಿಯಿತು. ಎರಡು ಸಲ ಬಸ್ ನಿಲ್ದಾಣದವರೆಗೆ ಹೋಗಿ ವಾಪಸು ಬಂದೆ.

ಹೋದಾಗ ಅವರು ಅಂಗಳದಲ್ಲಿ ಕಾಳುಮೆಣಸು ಹರವುತ್ತಿದ್ದರು. ಎಲ್ಲ ಹೇಳಿದೆ. ತಪ್ಪಾಯಿತು ಸರ್ ಅಂದೆ. ಕಾಫಿ ತಂದ ಸೆವೆರಿನಾ ಆಂಟಿ ಲೋಟ ಹಿಡಿದುಕೊಂಡೇ ನಿಂತು ಕೇಳಿಸಿಕೊಂಡರು.

“ಗೊತ್ತಿತ್ತು ಕಣಮ್ಮ. ಒಂದೇ ತಂತೀಲಿ ಎರಡು ಹೆಂಗ್ ನುಡಿತದೆ?” ಎಂದರು ರೈಟರು, ಸಿಟ್ಟಿಲ್ಲದೆ.

“ಮತ್ತೆ ಅವತ್ತು ಪೂರ್ತಿ ಯಾಕೆ ಹೇಳಲಿಲ್ಲ ಸರ್?”

“ನಿಂದು ಮೊದಲ್ನೇದು. ಅಷ್ಟು ಜನ್ರ ಮುಂದೆ ಏನ್ ಹೇಳದು? ಆಮೇಲೆ ಹೇಳಿದ್ರಾಯ್ತು ಅಂದ್ಕಂಡೆ. ನೀ ಬರ್ಲೇ ಇಲ್ಲ.” ಆಂಟಿಯ ಕೈಯಿಂದ ಲೋಟ ತೆಗೆದುಕೊಂಡು ಮತ್ತೆ ಹೇಳಿದರು, “ಆದ್ರೆ ಕೈ ನಡುಗದು ನಿಜ ಕಣಮ್ಮ. ನೀ ಹೇಳೋ ತಂಕ ನಾನು ನೋಡ್ಕಂಡಿರ್ಲಿಲ್ಲ. ಈಗ ಕೈ ನೋಡಿದ್ರೆ ಬರೀ ಅದೇ ಕಾಣ್ತದೆ.”

“ಅವತ್ತಿಂದ ಪೆಟ್ಟಿಗೆ ತೆಗೀಲೇ ಇಲ್ಲ ಇವ್ರು,” ಎಂದರು ಆಂಟಿ. ಒಂದು ಸಲ ನುಡಿಸಿ ಸರ್ ಎಂದು ಬೇಡಿಕೊಂಡೆ. “ಇನ್ನೊಂದಿನ ನೋಡಣ,” ಎಂದು ಮೆಣಸಿನ ಕಡೆ ತಿರುಗಿದರು.

ಆ ಇನ್ನೊಂದು ದಿನ ಬರಲಿಲ್ಲ. ಕಳೆದ ವರ್ಷ ಮಳೆಗಾಲಕ್ಕೆ ಮೊದಲು ರೈಟರು ತೀರಿಕೊಂಡರು. ಮಣ್ಣಿಗೆ ಹಾಸನದ ಪಿಟೀಲಿನವರಲ್ಲೊಬ್ಬರು ಬಂದಿದ್ದರು. ಸಮಾಧಿಗೆ ಹಿಡಿ ಮಣ್ಣು ಹಾಕಿ ನಾನು ಈಚೆ ಬಂದಾಗ ಅವರು ನನ್ನ ಹತ್ತಿರ ಬಂದು, “ಪಾಪ, ಕೈ ನಡುಕ ಬಂದು ನುಡಿಸೋದೇ ಬಿಡಬೇಕಾಯ್ತಂತೆ. ಅವತ್ತು ನಿಮ್ಮ ಪೀಸ್ ಕೂಡ ಅದಕ್ಕೇ ಆಗ್ಲಿಲ್ಲ ಅಲ್ವಾ?” ಎಂದರು.

ಅಲ್ಲ ಎನ್ನಬೇಕೆಂದೇ ಬಾಯಿ ತೆರೆದೆ. ಸುತ್ತ ಜನ ನಿಂತಿದ್ದರು, ಫಾದರ್ ಇದ್ದರು, ನನ್ನ ಶಾಲೆಯವರಿದ್ದರು.

“ಹೌದು,” ಅಂದೆ.

ಎರಡು ಹೆಜ್ಜೆ ಆಚೆ ನಿಂತಿದ್ದ ಸೆವೆರಿನಾ ಆಂಟಿ ತಲೆ ಎತ್ತಿ ನನ್ನನ್ನು ನೋಡಿದರು.