ಸಿಂಗ್ರೀಗೌಡರು ಕಟ್ಟಿದ ಫ್ಲಾಪಿ

ಯಾರನ್ನಾದರೂ ಹುಡುಕಿ ಬಾ ಅಂತ ಕಳಿಸಿ, ನಾನು ಬರಿಗೈಲಿ ಬಂದು "ಇಲ್ಲ ಸಾರ್" ಅಂದೆನೋ, ಸಿಂಗ್ರೀಗೌಡರು ಸುಮ್ಮನೆ ಬಿಡುತ್ತಿರಲಿಲ್ಲ. ಕನ್ನಡಕ ಹಣೆಗೇರಿಸಿ ಶುರು ಮಾಡೋರು: "ಏನಿಲ್ಲ? ಊರೇ ಇಲ್ವಾ, ಊರಲ್ಲಿ ಮನೆ ಇಲ್ವಾ, ಮನೇಲಿ ಆಳಿಲ್ವಾ? ಎಲ್ಲೀಗಂಟ ಓದೆ ಅದ್ನೇಳವ್ವ." ಮೊದಮೊದಲು ಮೈಯೆಲ್ಲ ಉರಿದುಹೋಗುತ್ತಿತ್ತು. ಸುಡುಬಿಸಿಲಲ್ಲಿ ತೊಣ್ಣೂರಿಗೆ ಹೋಗಿ ಬಂದವಳಿಗೆ ಈ ವಿಚಾರಣೆ ಬೇರೆ ಕೇಡು.

ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದಂಗಡಿಯ ಮಾಳಿಗೆ ಮೇಲೆ ಇದ್ದ ಕಂಪ್ಯೂಟರ್ ಸೆಂಟರಿನಲ್ಲಿ ತೊಂಬತ್ತರ ದಶಕದ ಕೊನೆಗೆ ಮೂರು ವರ್ಷ ನಾನು ಅವರ ಜೊತೆ ದುಡಿದೆ. ದನಗಳ ಲಸಿಕೆ ವಿವರ ತುಂಬುವ ಕೆಲಸ. ತಾಲ್ಲೂಕಿನೊಳಗೆ ಹೋಬಳಿ, ಹೋಬಳಿಯೊಳಗೆ ಊರು, ಊರೊಳಗೆ ಮನೆ, ಮನೆಯೊಳಗೆ ಹಸು, ಆ ಹಸುವಿಗೆ ಸೂಜಿ ಹಾಕಿದ ದಿನ. ಅಷ್ಟು ಒಳಕ್ಕೆ ಇಳಿದು ಒಂದೇ ಒಂದು ವಿವರ ಎತ್ತಿಕೊಂಡು ಬರಲು ಗೌಡರು ಸಿ ಭಾಷೆಯಲ್ಲಿ ಒಂದು ಲೈಬ್ರರಿ ಬರೆದಿದ್ದರು. ಬೇರೆಯವರೂ ತಮ್ಮ ಪ್ರೋಗ್ರಾಮಿಗೆ ಜೋಡಿಸಿಕೊಳ್ಳಬಹುದಾದ ಕೆಲಸದ ತುಣುಕುಗಳು ಅನ್ನಿ. ಕೆ.ಆರ್.ಪೇಟೆ, ಸಂತೆಬಾಚಹಳ್ಳಿ, ಇಂಥ ಊರು, ಇಂಥ ಮನೆ ಅಂತ ದಾರಿ ಬರೆದರೆ ಉತ್ತರ ಬರುತ್ತಿತ್ತು. ಸಿಗದಿದ್ದರೆ ದಾರಿ ಎಲ್ಲಿ ಕಡಿಯಿತು ಅಂತ ಹೇಳುತ್ತಿತ್ತು. ಬರೆದವರ ಬುದ್ಧಿ ಎಲ್ಲಿ ಹೋಗುತ್ತೆ!

ಕಷ್ಟ ಇದ್ದದ್ದು ಅದನ್ನು ಬೇರೆ ಊರಿಗೆ ಕಳಿಸೋದರಲ್ಲಿ. ಶ್ರೀರಂಗಪಟ್ಟಣ, ಕೆ.ಆರ್.ಪೇಟೆ ಸೆಂಟರುಗಳಿಗೆ ಫ್ಲಾಪಿ ಕಳಿಸುತ್ತಿದ್ದೆವು, ಅಲ್ಲಿ ಅದು ಓಡುತ್ತಿರಲಿಲ್ಲ, ಫೋನ್ ಬರುತ್ತಿತ್ತು, ಗೌಡರು ಬಸ್ಸು ಹತ್ತುತ್ತಿದ್ದರು. ಅಷ್ಟರಲ್ಲಾಗಲೇ ಅವರ ಎರಡು ಕಿಡ್ನಿಯೂ ಕೈಕೊಟ್ಟಿದ್ದವು. ವಾರಕ್ಕೆ ಎರಡು ದಿನ ಮೈಸೂರಿನಲ್ಲಿ ಡಯಾಲಿಸಿಸ್, ಮಿಕ್ಕ ದಿನ ಊದಿದ ಕಾಲಲ್ಲಿ ಫ್ಲಾಪಿ ಹಿಂದೆ ಅಲೆದಾಟ. ನೋಡಿ ನೋಡಿ ನನಗೇ ಸುಸ್ತಾಗುತ್ತಿತ್ತು. ನಾಗಮಂಗಲದಲ್ಲೂ ಸೆಂಟರ್ ತೆರೀತಾರಂತೆ ಅಂತ ಸುದ್ದಿ ಬಂದ ದಿನ ಅವರು ಕೈಲಿದ್ದ ಫ್ಲಾಪಿಯನ್ನು ಮೇಜಿನ ಮೇಲಿಟ್ಟು ಅಂದರು:

"ನಾನೇ ಓಗಿ ಬಿಚ್ಬೇಕು ಅಂದ್ರೆ ಅದ್ಯಾವ್ ಸೀಮೆ ಗಂಟವ್ವ? ನಾನ್ ಇರೋದ್ರೊಳಗೆ, ನಾನಿಲ್ದಂಗೆ ನಡಿಯಂಗೆ ಕಟ್ಬುಡಾನ."

ಕಟ್ಟೋದಂದರೆ ಏನೇನು! ಒಳಗೆ ಯಾವ್ಯಾವ ಕಡತ ಇರಬೇಕೆನ್ನುವ ಪಟ್ಟಿ, ಹೇಗೆ ಕೂರಿಸಬೇಕೆನ್ನುವ ಹಾಳೆ, ಸರಿಯಾಗಿ ಕೂತಿತೋ ಇಲ್ಲವೋ ಅಂತ ತಾನೇ ಪರೀಕ್ಷಿಸಿಕೊಳ್ಳುವ ಪ್ರೋಗ್ರಾಮು. ಪಟ್ಟಿ ನನ್ನ ಪಾಲಿಗೆ ಬಂತು. ಎಲ್ಲ ಮುಗಿಸಿ ಕೆ.ಆರ್.ಪೇಟೆಗೆ ಹೋದೆವು. ಅಲ್ಲಿದ್ದ ಹೊಸ ಆಪರೇಟರಮ್ಮನ ಕೈಗೆ ಫ್ಲಾಪಿ, ಹಾಳೆ ಕೊಟ್ಟು ಗೌಡರು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತರು. ಏನೇ ಆದರೂ ನಾನು ತುಟಿ ಎರಡು ಮಾಡಕೂಡದು ಅಂತ ಮೊದಲೇ ತಾಕೀತಾಗಿತ್ತು. ಕೂರಿಸೋದು ಅರ್ಧಕ್ಕೆ ನಿಂತುಹೋಯಿತು. ಒಂದು ಕಡತವೇ ಫ್ಲಾಪಿಯಲ್ಲಿರಲಿಲ್ಲ. ನಮ್ಮ ಕಂಪ್ಯೂಟರಿನಲ್ಲಿ ಅದು ಎಂದಿನಿಂದಲೋ ಬಿದ್ದಿತ್ತು, ಹಾಗಾಗಿ ನಮ್ಮಲ್ಲಿ ಎಲ್ಲ ಓಡಿತ್ತು. ಪಟ್ಟಿಗೆ ಬರೆಯಲು ಮರೆತವಳು ನಾನು.

ಅವರಿಗೆ ಉಳಿದಿದ್ದ ದಿನಗಳಲ್ಲಿ ಒಂದನ್ನು ಹೀಗೆ ಹಾಳು ಮಾಡಿದೆನಲ್ಲ ಅಂತ ವಾಪಸ್ ಬಸ್ಸಿನಲ್ಲಿ ಅತ್ತುಬಿಟ್ಟೆ. ಬೈದಿದ್ದರೆ ವಾಸಿಯಿತ್ತು. "ನಮ್ ಮನೇಲಿರೋದು ಎಲ್ರ ಮನೇಲೂ ಅದೆ ಅನ್ಕೊಬುಡ್ತೀವಿ. ಬುಡವ್ವ ಅತ್ಲಾಗೆ" ಅಂದು ಕಿಟಕಿಗೆ ತಲೆ ಆನಿಸಿ ನಿದ್ದೆಹೋದರು.

ಪಟ್ಟಿ ತಿದ್ದಿ, ಹೊಸದಾಗಿ ಕಟ್ಟಿ, ಎರಡು ವಾರ ಬಿಟ್ಟು ಶ್ರೀರಂಗಪಟ್ಟಣಕ್ಕೆ ಹೋದೆವು. ಅಲ್ಲಿಯ ಆಪರೇಟರ್ ಬಂದು ಇನ್ನೂ ತಿಂಗಳಾಗಿರಲಿಲ್ಲ, ಗೌಡರ ಮುಖ ಕಂಡವನಲ್ಲ. ಗೌಡರು ಇಲ್ಲೂ ಬಾಗಿಲ ಬೆಂಚು ಹಿಡಿದರು, ನಾನು ಫ್ಲಾಪಿ ಕೊಟ್ಟೆ. ಅವನು ಹಾಳೆ ಓದಿಕೊಂಡು ಒಂದೊಂದೇ ಒತ್ತಿದ. ಪರೀಕ್ಷೆಗಳು ಒಂದಾದ ಮೇಲೊಂದು ಪಾಸಾದವು. ಯಾರನ್ನೂ ಏನೂ ಕೇಳಲಿಲ್ಲ. ಎಲ್ಲ ಆದಮೇಲೆ ಬೆಂಚಿನ ಕಡೆ ತಿರುಗಿ, ಯಜಮಾನ್ರೆ ನಿಮಗೇನಾಗಬೇಕಿತ್ತು ಅಂದ. ಏನಿಲ್ಲಪ್ಪ, ಬಸ್ಸಿಗೆ ಕಾಯ್ತಿದ್ದೆ ಅಂತ ಗೌಡರು ಎದ್ದೇಬಿಟ್ಟರು. ಆ ಮನುಷ್ಯ ಅಷ್ಟು ಖುಷಿಯಾಗಿದ್ದನ್ನು ನಾನು ಇನ್ನೊಂದು ದಿನ ಕಾಣಲಿಲ್ಲ.

ನಾಗಮಂಗಲಕ್ಕೆ ಅಂಚೆಯಲ್ಲೇ ಕಳಿಸಿದೆವು. ವಾರವೆಲ್ಲ ಫೋನಿನ ಪಕ್ಕ ಕೂತರು. ಓಡ್ತಿಲ್ಲ ಅಂತ ಒಂದು ಫೋನೂ ಬರಲಿಲ್ಲ. ಅಲ್ಲಿ ಸರ್ಯಾಗಿ ಕೂತಂಗಾಯ್ತು ಕಣವ್ವ ಅಂತ ನಕ್ಕರು.

ತಿಂಗಳೊಳಗೆ ಮೈಸೂರಿನಲ್ಲೇ ತೀರಿಕೊಂಡರು. ಮಣ್ಣು ಮುಗಿಸಿಕೊಂಡು ಬಂದು, ಮಾರನೇ ದಿನ ನಾನೇ ಮೂರೂ ಸೆಂಟರಿಗೆ ಫೋನ್ ಮಾಡಿದೆ. ನಾಗಮಂಗಲದಲ್ಲಿ ಎತ್ತಿದ ಆಪರೇಟರ್, ಯಾವ ಸಿಂಗ್ರೀಗೌಡ್ರು ಮೇಡಂ ಅಂದ. ದನದ ಲೆಕ್ಕ ತೆಗೆಯೋ ಆ ಲೈಬ್ರರಿ ಮಾಡಿದವರಪ್ಪ ಅಂದೆ.

"ಅದುನ್ನ ಯಾರಾರ ಮಾಡಿದ್ರಾ? ಫ್ಲಾಪೀಲೇ ಬಂದಿತ್ತಲ್ಲ ಮೇಡಂ."

ಗೌಡರು ಬೇಕು ಅಂದದ್ದೂ ಇದನ್ನೇ. ಕೇಳಿಸಿಕೊಂಡಿದ್ದರೆ ತೊಡೆ ತಟ್ಟಿ ನಗುತ್ತಿದ್ದರು. ನನಗೆ ಮಾತ್ರ ಅಳು ತಡೆಯಲಾಗಲಿಲ್ಲ, ಫೋನಿಟ್ಟುಬಿಟ್ಟೆ.