ಹೈದರಸಾಬರು ಒರೆಸಿದ ಸಾಲು

"ಕೂಡ್ಲಿಗಿಯಿಂದ ಹರಪನಹಳ್ಳಿ ಮಟ ಯಾವ ಹಳೇ ಸಾಮಾನಾರ ತರ್ರಿ, ಮೂಸಿ ನೋಡಿ ಅದರ ಅಪ್ಪನ ಹೆಸರು ಹೇಳ್ತೀನಿ" ಎನ್ನುವುದು ಹೈದರಸಾಬರ ಖಾಯಂ ಮಾತು. ಕೊಟ್ಟೂರಿನ ಸಂಶೋಧನಾ ಗ್ರಂಥಾಲಯದಲ್ಲಿ ಮೂವತ್ತು ವರ್ಷದಿಂದ ಪುಸ್ತಕಗಳಿಗೆ ರಟ್ಟು ಕಟ್ಟುವ ಈ ಸಾಬರ ಮೂಗಿಗೆ ಹೆದರಿ ಅಲ್ಲಿನ ಗೆದ್ದಲುಗಳೆಲ್ಲ ರೈಲು ಹತ್ತಿ ಹರಿಹರಕ್ಕೆ ವಲಸೆ ಹೋದವಂತೆ.

ಒಂದು ಬೆಳಿಗ್ಗೆ ಹಂಪಸಾಗರದ ಜಂಬಕ್ಕ ಅಟ್ಟದ ಮೇಲಿದ್ದ ಗಂಟೊಂದನ್ನು ಗ್ರಂಥಾಲಯಕ್ಕೆ ಕೊಡಲು ತಂದು, ಸಾಬರ ಮೇಜಿನ ಮೇಲಿಟ್ಟು, ನೀರು ಕುಡಿಯಲು ಹೋದಳು. ಗಂಟಿನೊಳಗೆ ಮಡಿಕೆ ಮಡಿಕೆಯಾದ ದಪ್ಪ ಬಟ್ಟೆ, ಕಾಗೆಯೂ ನಾಚುವಷ್ಟು ಕಪ್ಪು. ಸಾಬರು ಮೂಸಿದರು. "ಆಟೋದ ಹುಡ್ಡು" ಎಂದು ತೀರ್ಪು ಕೊಟ್ಟರು. ಅಂಟು ಹಚ್ಚುವಾಗ ಕೆಳಗೆ ಹಾಸಲು ಬಂದೀತೆಂದು ಮೊದಲ ಮಡಿಕೆಯ ಮೇಲಿನ ಮಸುಕು ಬಿಳುಪನ್ನು ಧೂಳೆಂದುಕೊಂಡು ಹಸಿ ಚಿಂದಿಯಿಂದ ಒರೆಸಿದರು. ಚಿಂದಿ ಬೆಳ್ಳಗಾಯಿತು. ಧೂಳು ಎಲ್ಲಾದರೂ ಇಷ್ಟು ಬೆಳ್ಳಗಿರುತ್ತದೆಯೇ? ಎರಡನೆಯ ಮಡಿಕೆ ಬಿಚ್ಚಿದರೆ, ಸಾಲು ಸಾಲು ಬಿಳಿ ಅಕ್ಷರ!

ಅಷ್ಟರಲ್ಲಿ ಗ್ರಂಥಪಾಲಕಿ ಲಕ್ಷ್ಮಿದೇವಿ ಬಂದವರೇ ಚೀರಿದರು. "ಸಾಬ್ರೇ, ಅದು ಕಡತ!"

"ಕಡತ ಅಂದ್ರ ಫೈಲಲ್ರೀ ಮೇಡಂ? ಕೆಂಪು ದಾರ ಎಲ್ಲೈತಿ?"

"ಇದು ಹಳೇ ಕಾಲದ ಕಡತ. ಬಟ್ಟಿಗೆ ಹುಣಸಿಬೀಜದ ಅಂಟು, ಇದ್ದಲಿ ಬಳಿದು ಬಳಪದಾಗ ಬರೀತಿದ್ರು. ನೀರು ತಾಗಿದ್ರ ಅಕ್ಷರ ಹೋತು!"

ಹುಣಸೆಬೀಜದ ಅಂಟನ್ನು ಸಾಬರು ದಿನಾ ತಾವೇ ಕುದಿಸುತ್ತಿದ್ದರು. ಆ ಮೂಗಿಗೆ ಅದರ ವಾಸನೆಯೇ ಸಿಕ್ಕಿರಲಿಲ್ಲ.

ಜಂಬಕ್ಕ ಬಂದು ಚಿಂದಿ ನೋಡಿದಳು. "ನಮ್ಮ ಮುತ್ತಜ್ಜ ದನದ ಔಷಧ ಬರೆದದ್ದು ಅದು! ಕೊಡ್ರಿ ಇತ್ಲಾಗ. ಇಲ್ಲಿ ಬಿಟ್ರ ನಾಳೆ ಸಬಕಾರ ಹಚ್ಚಿ ಒಣಗಾಕ್ತೀರಿ."

ಕಡತ ಅಟ್ಟಕ್ಕೆ ಮರಳಿದರೆ ಇಲಿಗಳ ಪಾಲು. ಅದೂ ತಮ್ಮ ಒಂದು ಚಿಂದಿಯಿಂದ. ಸಾಬರು "ಒಂದು ಗಳಿಗಿ ತಡಿ ಜಂಬಕ್ಕ" ಎಂದು ಒರೆಸಿದ ಮಡಿಕೆಯನ್ನು ಕಿಟಕಿಗೆ ಒಯ್ದು ಬಿಸಿಲಿಗೆ ಓರೆ ಹಿಡಿದರು. ಶಾಯಿ ಇಲ್ಲದ ಅಚ್ಚುಮೊಳೆಯೂ ರಟ್ಟಿನ ಮೇಲೆ ಅಕ್ಷರದ ಗುರುತು ಬಿಡುತ್ತದೆ; ಬಳಪ ಬಿಟ್ಟಿರಲಿಕ್ಕಿಲ್ಲವೇ? ಬಿಟ್ಟಿತ್ತು, ಇರುವೆ ನಡೆದಷ್ಟು ತೆಳ್ಳಗೆ.

ಲಕ್ಷ್ಮಿದೇವಿ ಒಂದೊಂದೇ ಅಕ್ಷರ ಕೂಡಿಸಿದರು: "ಈ... ಕಡತವನ್ನು... ಒದ್ದೆ ಕೈಯಲ್ಲಿ... ಮುಟ್ಟತಕ್ಕದ್ದಲ್ಲ."

ಜಂಬಕ್ಕ ನಕ್ಕ ನಗೆಗೆ ತುಂಗಭದ್ರೆ ಒಂದು ಮೊಳ ಏರಿರಬೇಕು. ಗಂಟನ್ನು ಲಕ್ಷ್ಮಿದೇವಿಯವರ ಕಡೆ ಸರಿಸಿದಳು. "ನೀವು ಇಟ್ಕೊಳ್ರಿ ಮೇಡಂ. ಈ ಅಣ್ಣನ ಕೈಗೆ ಮಾತ್ರ ಕೊಡಬ್ಯಾಡ್ರಿ, ಓದೂದು ಬಿಟ್ಟು ಒರೆಸ್ತಾನ."

"ಹೌದವ್ವಾ" ಎಂದರು ಹೈದರಸಾಬರು. "ಇಷ್ಟು ವರ್ಷ ನಿಮ್ಮ ಅಟ್ಟದಾಗಿತ್ತು, ಮನ್ಯಾಗ ಒಬ್ರೂ ಓದ್ಲಿಲ್ಲ. ನಾ ಒರೆಸಿದ ಮ್ಯಾಲೆ ನೋಡು, ಮೂರು ಮಂದಿ ಓದೀವಿ."